ಹದಿನೇಳನೇ ನಂಬರಿನ ಮಣ್ಣು

ಚಿಂತಾಮಣಿ
14 ಮೇ 1990

ನಗರಗೆರೆ ಕಾಲೊನಿಯ ಅಂಗನವಾಡಿ ಟೀಚರ್ ಮುನಿಶಾಮಮ್ಮನವರಿಗೆ,

ನಮಸ್ಕಾರ. ನನ್ನ ಹೆಸರು ಷಮೀಮ್. ನಿಮ್ಮ ಊರಿಗೆ ಬರುವ ನಮ್ಮ ಸಂಸ್ಥೆಯ ವೆಂಕಟೇಶ್ ಸರ್ ಕಳೆದ ತಿಂಗಳು ನಲವತ್ತು ಮನೆಗಳಿಂದ ನಲವತ್ತು ಚೀಲ ಮಣ್ಣು ತಂದರಲ್ಲ, ಅದರ ಪರೀಕ್ಷೆ ಮುಗಿದಿದೆ. ಲ್ಯಾಬಿನವರು ಕೊಟ್ಟ ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಯಾವ ಹೊಲಕ್ಕೆ ಏನು ಕೊರತೆ, ಎಷ್ಟು ಗೊಬ್ಬರ ಬೇಕು ಎಂದು ಅದು ಲೆಕ್ಕ ಹಾಕಿ ಕಾರ್ಡು ಅಚ್ಚು ಮಾಡುತ್ತದೆ. ನಮ್ಮ ಯಂತ್ರಕ್ಕೆ ಇನ್ನೂ ಕನ್ನಡ ಬರುವುದಿಲ್ಲ. ಅದಕ್ಕೇ ಪ್ರತಿ ಕಾರ್ಡಿನ ಜೊತೆ ನಾನು ಕೈಯಲ್ಲಿ ಕನ್ನಡ ಬರೆದು ಕಳಿಸುತ್ತಿದ್ದೇನೆ. ನಾವು ಶಿಡ್ಲಘಟ್ಟದವರು, ಮನೆಯಲ್ಲಿ ಉರ್ದು. ಕಾಗುಣಿತ ತಪ್ಪಿದ್ದರೆ ನೀವು ಟೀಚರು, ತಿದ್ದಿಕೊಳ್ಳಿ.

ನಿಮ್ಮದು ಹದಿನೇಳನೇ ನಂಬರು. ಮೇಡಂ, ನಿಮ್ಮ ಊರಿನ ನಲವತ್ತು ಚೀಲದಲ್ಲಿ ನಿಮ್ಮದೇ ಒಂದನೇ ದರ್ಜೆಯ ಮಣ್ಣು! ಕೊಳೆತ ಎಲೆ ಗೊಬ್ಬರದ ಸತ್ವ ಚೆನ್ನಾಗಿದೆ, ನೀರು ಹಿಡಿಯುವ ಶಕ್ತಿ ಚೆನ್ನಾಗಿದೆ. ಈ ವರ್ಷ ನಿಮ್ಮ ಎರಡು ಎಕರೆಗೆ ತಿಪ್ಪೆ ಗೊಬ್ಬರವೇ ಬೇಡ ಎಂದು ಕಾರ್ಡು ಹೇಳುತ್ತಿದೆ. ಊರಿನವರೆಲ್ಲ ಒಪ್ಪಿರುವ ಹಾಗೆ ಎಲ್ಲರ ತಿಪ್ಪೆಯನ್ನೂ ಒಂದೇ ಕಡೆ ಸೇರಿಸಿ, ಕಾರ್ಡಿನ ಪ್ರಕಾರ ಗಾಡಿ ಹಂಚುವುದಲ್ಲವೇ? ನಿಮ್ಮ ಪಾಲಿನ ಮೂರು ಗಾಡಿ ಕೋನಪ್ಪನವರ ಹೊಲಕ್ಕೆ ಹೋಗುತ್ತದೆ. ಅವರ ಮಣ್ಣು ಬಹಳ ಬಡಕಲು.

ಹೊಸ ತಳಿಯ ಬಿತ್ತನೆ ರಾಗಿ ಜೂನ್ ಹೊತ್ತಿಗೆ ಬರುತ್ತದೆ. ನಿಮ್ಮ ಹೊಲ ಊರಿಗೆಲ್ಲ ಮಾದರಿಯಾಗಲಿ.

ಇಂತಿ,
ಷಮೀಮ್


ನಗರಗೆರೆ
27 ಮೇ 1990

ಷಮೀಮ್ ಅವರಿಗೆ,

ಆ ಮಣ್ಣು ನಮ್ಮ ಹೊಲದ್ದಲ್ಲ.

ನಮ್ಮದು ಗುಡ್ಡದ ಬುಡದ ದರಖಾಸ್ತು ಜಮೀನು. ಸರ್ಕಾರ ನಮ್ಮಂಥವರಿಗೆ ಕೊಡುವಾಗ ಯಾವ ನೆಲ ಕೊಡುತ್ತದೆ ಎಂದು ನಿಮಗೆ ಗೊತ್ತಿಲ್ಲದಿದ್ದರೆ ಒಮ್ಮೆ ಬಂದು ಬರಿಗಾಲಲ್ಲಿ ನಡೆದು ನೋಡಿ. ಹಿಂದೆ ಒಬ್ಬ ಅಧಿಕಾರಿ ಯಾವುದೋ ಸ್ಕೀಮಿಗೆ ಎಂದು ನೋಡಲು ಬಂದವನು ಬದುವಿನ ಮೇಲೆ ನಿಂತೇ ನಕ್ಕ. "ಇಲ್ಲಿ ಕಲ್ಲು ಬಿತ್ತಮ್ಮ, ಕಲ್ಲು ಚೆನ್ನಾಗಿ ಬೆಳೀತದೆ" ಅಂದ. ಜೊತೆಯಲ್ಲಿದ್ದವರೂ ನಕ್ಕರು. ನಾನೂ ನಕ್ಕೆ, ಏನು ಮಾಡಲಿ.

ಮಣ್ಣು ಕೊಡುವ ದಿನ ಎಲ್ಲರೂ ಚೀಲ ತಂದು ಮಾರಮ್ಮನ ಕಟ್ಟೆ ಮೇಲೆ ಸಾಲಾಗಿ ಇಟ್ಟಿದ್ದರು. ಹೆಂಗಸರೆಲ್ಲ ಒಬ್ಬರ ಚೀಲಕ್ಕೆ ಒಬ್ಬರು ಕೈಹಾಕಿ ನೋಡುತ್ತಿದ್ದರು, ಬೀಗರ ಮನೆಯಿಂದ ಬಂದ ಬುಟ್ಟಿ ನೋಡುವ ಹಾಗೆ. "ಅಕ್ಕಯಮ್ಮನ ಮಣ್ಣು ನೋಡ್ರೇ, ಬೆಣ್ಣೆ ಕಣೇ ಬೆಣ್ಣೆ." ನನ್ನ ಚೀಲದಲ್ಲಿ ಗರಸು, ಬೆಣಚುಕಲ್ಲು. ಮನೆಯಿಂದ ಹೊರಗೆ ಕೊಡುವ ವಸ್ತುವನ್ನು ನಾವು ಕೇರಿ ಹಸನು ಮಾಡಿ ಕೊಡುತ್ತೇವೆ. ಬಿತ್ತನೆಗೆ ಅಂತ ಯಾರಾದರೂ ಕೈಯೊಡ್ಡಿದರೆ ಜೊಳ್ಳು ಕೊಡುತ್ತೇವೆಯೇ? ನಾನು ಕೆರೆಯಂಗಳಕ್ಕೆ ಹೋಗಿ ಚೀಲ ಸುರುವಿ, ಒಣಗಿದ ಗೋಡು ಮಣ್ಣು ತುಂಬಿಕೊಂಡು ಬಂದೆ. ಒಳ್ಳೆಯ ಮಣ್ಣಿದ್ದವರನ್ನೇ ಆರಿಸಿಕೊಳ್ಳುತ್ತಾರೆ, ನಮ್ಮದನ್ನು ನೋಡಿದರೆ ಪಟ್ಟಿಯಿಂದ ತೆಗೆಯುತ್ತಾರೆ ಎಂದು ಹೆದರಿದ್ದೆ. ಅದು ಪರೀಕ್ಷೆ ಅಂದಿರಿ. ಪರೀಕ್ಷೆಯಲ್ಲಿ ಫೇಲಾಗಲು ಯಾರಿಗೆ ಇಷ್ಟ?

ನಿಮ್ಮ ಕಾರ್ಡನ್ನು ವೆಂಕಟೇಶ್ ಸರ್ ಊರ ಮುಂದೆ ಗಟ್ಟಿಯಾಗಿ ಓದಿದರು. ಚಪ್ಪಾಳೆ ಹೊಡೆಸಿದರು. ಈಗ ಯಾವ ಬಾಯಲ್ಲಿ ಗೊಬ್ಬರ ಕೇಳಲಿ?

ಇದನ್ನು ಅಂಚೆಗೆ ಹಾಕುವುದಿಲ್ಲ. ರಿಜಿಸ್ಟರಿನ ಕೊನೆಯ ಹಾಳೆಯಲ್ಲೇ ಇರಲಿ. ಬೇರೆ ಬರೆದು ಹಾಕುತ್ತೇನೆ.


ನಗರಗೆರೆ
27 ಮೇ 1990

ಷಮೀಮ್ ಅವರಿಗೆ ಮುನಿಶಾಮಮ್ಮ ಮಾಡುವ ನಮಸ್ಕಾರಗಳು.

ಕಾರ್ಡು ತಲುಪಿತು. ಬಹಳ ಸಂತೋಷ. ಮೂರು ಗಾಡಿ ಗೊಬ್ಬರ ಕೋನಪ್ಪನವರಿಗೆ ಹೋಯಿತು. ನಿಮ್ಮ ಕನ್ನಡದಲ್ಲಿ ತಪ್ಪಿಲ್ಲ.

ಇಂತಿ,
ಮುನಿಶಾಮಮ್ಮ


ಚಿಂತಾಮಣಿ
18 ಸೆಪ್ಟೆಂಬರ್ 1990

ಪ್ರೀತಿಯ ಮುನಿಶಾಮಮ್ಮನವರಿಗೆ,

ಈ ವರ್ಷ ನಿಮ್ಮ ಕಡೆ ಮಳೆ ಸಕಾಲಕ್ಕೆ ಆಗಿದೆ ಎಂದು ವೆಂಕಟೇಶ್ ಸರ್ ಹೇಳಿದರು. ಪೈರು ಹೇಗಿದೆ? ತೆನೆ ಬಿಡುವ ಕಾಲ ಇರಬೇಕು. ನಿಮ್ಮ ಹೊಲ ಮಾತ್ರ ಅವರಿಗೆ ನೋಡಲಾಗಲಿಲ್ಲವಂತೆ. ಎರಡು ಸಲ ಬಂದಾಗಲೂ ನೀವು ಅಂಗನವಾಡಿಗೆ ಬೀಗ ಹಾಕಿ ಎಲ್ಲೋ ಹೋಗಿದ್ದಿರಂತೆ.

ಹಾಗೆ ಸುಮ್ಮನೆ ಕೇಳಿದೆ. ಬೇರೇನೂ ಇಲ್ಲ. ನಿಮ್ಮ ಚೀಲ ತುಂಬುವಾಗ ಹೊಲದ ನಾಲ್ಕು ಮೂಲೆಯಿಂದಲೂ ಮಣ್ಣು ತೆಗೆದಿದ್ದಿರಾ? ನೆನಪಿದ್ದರೆ ತಿಳಿಸಿ.

ಇಂತಿ,
ಷಮೀಮ್


ನಗರಗೆರೆ
6 ಅಕ್ಟೋಬರ್ 1990

ಷಮೀಮ್ ಅವರಿಗೆ,

ಪೈರು ಚೆನ್ನಾಗಿದೆ.

ನಾಲ್ಕು ಮೂಲೆ ಎಂದು ಯಾಕೆ ಕೇಳಿದಿರಿ? ಬೇರೆ ಮೂವತ್ತೊಂಬತ್ತು ಜನಕ್ಕೂ ಹೀಗೆ ಬರೆದು ಕೇಳಿದ್ದೀರಾ, ಅಥವಾ ನನಗೊಬ್ಬಳಿಗೇನಾ? ನಮ್ಮ ಕಾಲೊನಿಯವರು ಹೇಳಿದ್ದನ್ನು ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ, ಅದು ನನಗೆ ರೂಢಿಯಾಗಿದೆ. ನಿಮ್ಮ ಯಂತ್ರವಾದರೂ ನಂಬಿತಲ್ಲ ಎಂದುಕೊಂಡಿದ್ದೆ.

ಅಂಗನವಾಡಿ ಮೀಟಿಂಗಿಗೆ ಗೌರಿಬಿದನೂರಿಗೆ ಹೋಗಬೇಕಾಗುತ್ತದೆ. ಅದಕ್ಕೇ ಬೀಗ ಹಾಕಿರುತ್ತೇನೆ.

ಇಂತಿ,
ಮುನಿಶಾಮಮ್ಮ


ಚಿಂತಾಮಣಿ
21 ಜನವರಿ 1991

ಮುನಿಶಾಮಮ್ಮನವರೇ,

ಮೂರು ತಿಂಗಳು ನಿಮಗೆ ಬರೆಯಲು ಕೈ ಬರಲಿಲ್ಲ.

ಕಣದ ವರದಿ ಬಂದಿದೆ. ಊರಿನಲ್ಲಿ ಎಲ್ಲರಿಗೂ ಒಂದಕ್ಕೆ ಒಂದೂವರೆ ಆಗಿದೆ. ನಿಮ್ಮ ಎರಡು ಎಕರೆಯಲ್ಲಿ ಒಂದೂವರೆ ಮೂಟೆ. ಪೈರು ಗೇಣುದ್ದ ಎದ್ದು ಅಲ್ಲೇ ನಿಂತಿತ್ತು ಎಂದು ವೆಂಕಟೇಶ್ ಸರ್ ಬರೆದಿದ್ದಾರೆ. ಒಂದನೇ ದರ್ಜೆಯ ಕಾರ್ಡಿಗೆ ಇಂಥ ಬೆಳೆ ಬಂದಿದ್ದು ನೋಡಿ, "ಮಿಷನ್ನು ಕುರುಡು" ಎಂದು ನಿಮ್ಮ ಊರಿನವರೆಲ್ಲ ಕಾರ್ಡು ವಾಪಸು ಕೊಟ್ಟರಂತೆ. ಮುಂದಿನ ಬಿತ್ತನೆಗೆ ಮಣ್ಣು ಕೊಡುವುದಿಲ್ಲ, ತಿಪ್ಪೆ ಸೇರಿಸುವುದಿಲ್ಲ ಎಂದರಂತೆ. ಊರಿಗೆ ಬೀಜ ಕೊಡುವುದನ್ನೂ ನಿಲ್ಲಿಸಬೇಕೋ ಏನೋ ಎಂದು ಇಲ್ಲಿ ಮಾತು ನಡೆದಿದೆ.

ಅಕ್ಟೋಬರಿನಲ್ಲಿ ನೀವು "ಪೈರು ಚೆನ್ನಾಗಿದೆ" ಎಂದು ಬರೆದಿರಿ. ಯಾಕೆ ಎಂದು ಈಗ ಅರ್ಥವಾಯಿತು. ಒಂದು ಹುಡುಗಿಯ ಕೆಲಸಕ್ಕೆ ಕುತ್ತು ಬರಬಾರದೆಂದು ಹಾಗೆ ಬರೆದಿರಿ, ಅಲ್ಲವೇ? ನಿಮ್ಮದು ದೊಡ್ಡ ಮನಸ್ಸು. ನಿಮ್ಮ ಆ ಒಂದು ಸಾಲು ಓದಿದಾಗಲೆಲ್ಲ ನನಗೆ ಅಳು ಬರುತ್ತದೆ.

ವಿಚಾರಣೆ ಮುಗಿಯಿತು. ಲ್ಯಾಬಿನಲ್ಲಿ ಮಣ್ಣು ಒಣಗಿಸಿ, ಜರಡಿ ಹಿಡಿದು, ಚೀಲಗಳಿಗೆ ನಂಬರು ಬರೆಯುವ ವಜೀರ್ ಸಾಹೇಬರ ಕೈಯಲ್ಲಿ ಅದಲು ಬದಲಾಯಿತು ಎಂದು ತೀರ್ಮಾನವಾಗಿದೆ. ಅವರನ್ನು ಕೆಲಸದಿಂದ ಬಿಡಿಸಿದ್ದಾರೆ. ವಯಸ್ಸು ಐವತ್ತೆಂಟು.

ಇಂತಿ,
ಷಮೀಮ್


ನಗರಗೆರೆ
9 ಫೆಬ್ರವರಿ 1991

ಷಮೀಮ್,

ನನ್ನದು ದೊಡ್ಡ ಮನಸ್ಸಲ್ಲ. ದಯವಿಟ್ಟು ಆ ಮಾತು ಇನ್ನೊಮ್ಮೆ ಬರೆಯಬೇಡಿ.

ಕಳೆದ ಮೇ ತಿಂಗಳಲ್ಲಿ ನಿಮಗೆ ಒಂದು ಕಾಗದ ಬರೆದು ಇಟ್ಟುಕೊಂಡಿದ್ದೆ. ರಿಜಿಸ್ಟರಿನಿಂದ ಹರಿದು ಇದರ ಜೊತೆ ಇಟ್ಟಿದ್ದೇನೆ. ಓದಿ. ಯಾರ ಕೈಯಲ್ಲೂ ಅದಲು ಬದಲಾಗಿಲ್ಲ. ಅದಲು ಬದಲು ಮಾಡಿದವಳು ನಾನು, ಕೆರೆಯಂಗಳದಲ್ಲಿ, ಹಾಡುಹಗಲು.

ಗೇಣುದ್ದದ ಪೈರು ಯಾರಿಗೂ ಕಾಣಬಾರದು ಎಂದು ನಾನೂ ನನ್ನ ಗಂಡ ಆವಲಪ್ಪನೂ ಬದುವಿನುದ್ದಕ್ಕೂ ತೊಗರಿ ಗಿಡ ಒತ್ತಾಗಿ ಬಿಟ್ಟೆವು. ವೆಂಕಟೇಶ್ ಸರ್ ಜೀಪು ಊರೊಳಕ್ಕೆ ಬಂದರೆ ನಾನು ಬೀಗ ಹಾಕಿ ಹೊರಡುತ್ತಿದ್ದೆ. ಮೀಟಿಂಗೂ ಇಲ್ಲ, ಏನೂ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿತ್ತು ನನ್ನ ಬಾಳು. ನಿಮ್ಮ ನಾಲ್ಕು ಮೂಲೆಯ ಪ್ರಶ್ನೆ ಓದಿ, ನಿಮಗೆ ಗೊತ್ತಾಗಿದೆ ಎಂದೇ ತಿಳಿದು ಸಿಡುಕಿ ಬರೆದೆ.

ನಮ್ಮ ಮನೆಯಲ್ಲಿ ವರ್ಷಕ್ಕೆ ಎಂಟು ಮೂಟೆ ರಾಗಿ ಬೇಕು. ಒಂದೂವರೆ ಮೂಟೆ ಸಂಕ್ರಾಂತಿಗೇ ತಳ ಕಂಡಿತು. ಎರಡು ಹೊತ್ತಿನ ಮುದ್ದೆ ಒಂದು ಹೊತ್ತಾಯಿತು, ಇನ್ನೊಂದು ಹೊತ್ತು ಅಂಬಲಿ. ಇದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ. ನಾನು ಊರ ಮಕ್ಕಳನ್ನು ತಿಂಗಳಿಗೊಮ್ಮೆ ತಕ್ಕಡಿಗೆ ಹಾಕಿ ತೂಕ ಬರೆಯುವವಳು. ಕಡಿಮೆ ಬಂದರೆ ತಾಯಂದಿರಿಗೆ ಬೈಯುವವಳು. ಜನವರಿಯಲ್ಲಿ ನನ್ನ ಚಿಕ್ಕ ಮಗಳನ್ನು ತೂಗಿದಾಗ ಕಡಿಮೆ ಬಂತು. ರಿಜಿಸ್ಟರಿನಲ್ಲಿ ಒಂದು ಕಿಲೋ ಜಾಸ್ತಿ ಬರೆದೆ. ಬರೆದ ಮೇಲೆ ಪೆನ್ನು ಕೆಳಗಿಟ್ಟು, ಅಲ್ಲಿದ್ದ ಮಕ್ಕಳ ಮುಖ ನೋಡಲಾಗಲಿಲ್ಲ.

ನಿನ್ನೆ ನನ್ನ ಅತ್ತೆ ಪೆದ್ದಮ್ಮನಿಗೆ ಎಲ್ಲ ಹೇಳಿದೆ. ಅವರದು ತೆಲುಗು. "ಏಮಮ್ಮಾ, ಮನ ನೇಲ ಮನಕೇ ಸಿಗ್ಗಾ?" ಅಂದರು. ನಮ್ಮ ನೆಲ ನಮಗೇ ನಾಚಿಕೆಯಾ ಅಂತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೊಟ್ಟೆಗಿಲ್ಲದ್ದು ನಮ್ಮ ಮನೆಯ ಮಾತು. ಆದರೆ ಆ ವಜೀರ್ ಸಾಹೇಬರು ಯಾರೋ ಏನೋ, ನನ್ನ ಚೀಲಕ್ಕೆ ಅವರ ತಲೆ ಹೋಗಿದೆ. ಅವರನ್ನು ವಾಪಸು ಕರೆಸಿ. ಈ ಕಾಗದವನ್ನೇ ನಿಮ್ಮ ಸಾಹೇಬರಿಗೆ ತೋರಿಸಿ.

ಮುನಿಶಾಮಮ್ಮ


ಶಿಡ್ಲಘಟ್ಟ
24 ಮಾರ್ಚ್ 1991

ಮುನಿಶಾಮಮ್ಮನವರೇ,

ನಿಮ್ಮ ಕಾಗದ ಬಂದು ಆರು ವಾರವಾಯಿತು. ಯಾರಿಗೂ ತೋರಿಸಿಲ್ಲ. ಯಾಕೆ ಎಂದು ಹೇಳುತ್ತೇನೆ.

ಕಳೆದ ಏಪ್ರಿಲಿನಲ್ಲಿ ನಿಮ್ಮ ಊರಿನ ಅಂಕಿಗಳನ್ನು ಹಾಕುತ್ತಿದ್ದಾಗ ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ಹನ್ನೆರಡರಿಂದ ಇಪ್ಪತ್ತರವರೆಗಿನ ನಂಬರುಗಳು ಅಳಿಸಿಹೋಗಿದ್ದವು. ಐದು ಗಂಟೆಯ ಬಸ್ಸು ತಪ್ಪಿದರೆ ಅಬ್ಬಾ ಮರುದಿನ ಕಳಿಸುವುದಿಲ್ಲ. ಲ್ಯಾಬಿನ ಚೀಟಿಗಳನ್ನು ಆಗಲೇ ಕಟ್ಟಿ ಇಟ್ಟಿದ್ದರು, ಮತ್ತೆ ತರಿಸದೆ ನೆನಪಿನಿಂದಲೇ ಹಾಕಿ ಬಸ್ಸು ಹಿಡಿದೆ. ನಿಮ್ಮ ನಂಬರು ಬದಲಾಗಿದ್ದರೆ ಅದು ನನ್ನ ಕೈಯಲ್ಲೇ ಎಂದು ಅಂದಿನಿಂದ ನಂಬಿದ್ದೆ. ಸೆಪ್ಟೆಂಬರಿನಲ್ಲಿ "ಸುಮ್ಮನೆ ಕೇಳಿದೆ" ಎಂದು ಬರೆದದ್ದು ಸುಳ್ಳು. ಚೀಲ ಸರಿಯಾಗಿ ತುಂಬಿರಲಿಲ್ಲ ಎಂದು ನೀವೇ ಹೇಳಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ.

ವಿಚಾರಣೆಯಲ್ಲಿ ದೊಡ್ಡ ಸಾಹೇಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಚೀಲಗಳ ಮೇಲೆ ನಂಬರು ಬರೆಯೋದು ಯಾರಮ್ಮ?" ನಾನು ಹೇಳಿದೆ, "ವಜೀರ್ ಸಾಹೇಬರು, ಸರ್." ಅಷ್ಟೇ. ಸುಳ್ಳೇನೂ ಅಲ್ಲ. ಆದರೆ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಗೊತ್ತಿದ್ದೇ ಹೇಳಿದೆ. ಹೇಳಿ ತಲೆ ತಗ್ಗಿಸಿ ಕುಳಿತೆ. ವಜೀರ್ ಸಾಹೇಬರು ಬಾಗಿಲ ಬಳಿ ನಿಂತಿದ್ದರು.

ನನ್ನ ಅಬ್ಬಾ ಕಲಂದರ್ ಅವರು ರೇಷ್ಮೆ ನೂಲು ತೆಗೆಯುವವರು. ಬಿಸಿನೀರಿನಲ್ಲಿ ಅವರ ಬೆರಳ ತುದಿಗಳೆಲ್ಲ ಬೆಂದು ಬಿಳಿಚಿಕೊಂಡಿವೆ. ಮಗಳು ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುತ್ತಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವರು. ಕೆಲಸ ಹೋದರೆ ಅವರಿಗೆ ಏನು ಹೇಳಲಿ ಎಂಬುದೊಂದೇ ಆಗ ತಲೆಯಲ್ಲಿತ್ತು.

ಮುಚ್ಚಿಡುವುದಿಲ್ಲ, ನಿಮ್ಮ ಕಾಗದ ಓದಿದಾಗ ಮೊದಲು ಆದದ್ದು ಸಂತೋಷ. ನನ್ನ ಕೈ ತಪ್ಪಿರಲಿಲ್ಲ, ನೆನಪಿನಿಂದ ಹಾಕಿದರೂ ಅಂಕಿ ಸರಿಯಾಗಿಯೇ ಇತ್ತು! ಆಮೇಲೆ ಉಳಿದದ್ದು ಹೊಳೆಯಿತು. ನನ್ನದೇ ತಪ್ಪೆಂದು ನಂಬಿಕೊಂಡೇ ನಾನು ಅವರ ಹೆಸರು ಹೇಳಿದ್ದೆ. ನೀವು ಮಣ್ಣು ಬದಲಾಯಿಸಿದಿರಿ, ನಾನು ಮನುಷ್ಯನನ್ನೇ ಬದಲಾಯಿಸಿದೆ. ನಿಮ್ಮ ಕಾಗದ ತೋರಿಸಿದರೆ ಸಾಹೇಬರು ಎಲ್ಲವನ್ನೂ ಮೊದಲಿಂದ ಕೆದಕುತ್ತಾರೆ. ಅದಕ್ಕೇ ತೋರಿಸಲಿಲ್ಲ.

ಅವರ ಮನೆ ಚಿಂತಾಮಣಿಯ ಟೊಮೆಟೊ ಮಂಡಿಯ ಹಿಂದೆ. ಬಸ್ಸು ದಿನವೂ ಆ ಕಡೆಯಿಂದಲೇ ಹೋಗುತ್ತದೆ. ನಾನು ಬಸ್ಸಿನ ಇನ್ನೊಂದು ಬದಿಗೆ ಕೂರುತ್ತೇನೆ.

ಷಮೀಮ್


ನಗರಗೆರೆ
20 ಏಪ್ರಿಲ್ 1991

ಷಮೀಮ್,

ನಿಮ್ಮ ಕಾಗದ ಬಂದ ಎರಡನೇ ದಿನ ಮಾರಮ್ಮನ ಕಟ್ಟೆಯ ಹತ್ತಿರ ಊರನ್ನು ಸೇರಿಸಿ ಹೇಳಿಬಿಟ್ಟೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ನನ್ನ ಮಾನ ಒಂದು ಚೀಲ ಮಣ್ಣಿಗೆ ಹೋಗಿತ್ತು, ಇನ್ನು ಕಾಯುವುದೇನು? ಅಕ್ಕಯಮ್ಮ, "ಅಯ್ಯೋ ಪಾಪಿ, ನನ್ನ ಕೇಳಿದ್ರೆ ನಾನೇ ಎರಡು ಗಾಡಿ ಗೊಬ್ಬರ ಹೊಡಿಸ್ತಿರ್ಲಿಲ್ವಾ?" ಎಂದು ಬೈದಳು. ಆಮೇಲೆ ಕೋನಪ್ಪ ಎದ್ದು, "ನಾನೂ ಬೇಕಂತಲೇ ಸವುಳು ಮಣ್ಣು ತುಂಬಿದ್ದೆ ಕಣ್ರಪ್ಪಾ, ಗೊಬ್ಬರ ಜಾಸ್ತಿ ಬರ್ಲಿ ಅಂತ" ಅಂದ. ಒಬ್ಬಿಬ್ಬರು ನಕ್ಕರು. ಉಳಿದವರು ನೆಲ ನೋಡುತ್ತಿದ್ದರು, ಅವರ ಚೀಲಗಳ ಕಥೆ ಏನಿತ್ತೋ. ಮಿಷನ್ನನ್ನು ಕುರುಡು ಮಾಡಿದವರು ನಾವೇ ಎಂದು ಒಪ್ಪಿಕೊಂಡರು. ಈ ಸಲ ಒಬ್ಬರ ಮಣ್ಣನ್ನು ಇನ್ನೊಬ್ಬರು ಅಗೆದು ತುಂಬುವುದೆಂದು ಆಗಿದೆ. ಕಾರ್ಡು ಬರಲಿ ಬಿಡಲಿ, ಕೋನಪ್ಪ ಮೂರು ಗಾಡಿ ಗೊಬ್ಬರ ನಮ್ಮ ಹೊಲಕ್ಕೆ ತಂದು ಸುರಿದಿದ್ದಾನೆ.

ಮೊನ್ನೆ ಚಿಂತಾಮಣಿಗೂ ಬಂದಿದ್ದೆ. ನಿಮ್ಮ ಸಾಹೇಬರಿಗೆ ನನ್ನ ತಪ್ಪು ಹೇಳಿದೆ. ನೀವು ಅಂದು ರಜೆ ಹಾಕಿದ್ದಿರಂತೆ.

ಆಮೇಲೆ ಮಂಡಿಯ ಹಿಂದಿನ ಆ ಮನೆಗೆ ಹೋದೆ. ಅವರು ಟೊಮೆಟೊ ಬುಟ್ಟಿ ಹೊರುವ ಕೂಲಿಗೆ ಹೋಗಿದ್ದರು, ಮಧ್ಯಾಹ್ನ ಬಂದರು. ಅಲ್ಲಿಯವರೆಗೆ ಅವರ ಹೆಂಡತಿ ಹಮೀದಾ ಬೇಗಂ ನಾನು ಯಾರೆಂದೂ ಕೇಳದೆ ಅನ್ನ ಸಾರು ಬಡಿಸಿದರು.

ಅವರು ಬಂದ ಮೇಲೆ ಎಲ್ಲ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಚೀಲ ಬಗ್ಗಿಸ್ದಾಗ್ಲೇ ಗೊತ್ತಾಯ್ತಮ್ಮ. ಬಸವನಹುಳದ ಚಿಪ್ಪು ಬಿತ್ತು. ಚೀಟೀಲಿ ಗುಡ್ಡದ ಬುಡದ ಹೊಲ ಅಂತ ಬರ್ದಿದೆ. ಅಲ್ಲಿ ಚಿಪ್ಪು ಎಲ್ಲಿಂದ ಬರ್ತದೆ?" ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೆಣ್ಮಗಳ ಹೆಸರಿತ್ತು. ಬೀದಿಗೆ ಯಾಕೆ ತರ್ಬೇಕು ಅಂತ ಸುಮ್ನಾದೆ. ವಿಚಾರಣೇಲೂ ಅದಕ್ಕೇ ಬಾಯ್ಬಿಡ್ಲಿಲ್ಲ. ಮಾನ ಕಾಪಾಡ್ದೆ ಅಂದ್ಕೊಂಡಿದ್ದೆ. ಇವತ್ತು ಗೊತ್ತಾಯ್ತು, ನಿಮ್ಮ ಮಕ್ಳ ಊಟ ಕಿತ್ಕೊಂಡಿದ್ದೀನಿ. ತೌಬಾ, ತೌಬಾ" ಎಂದು ಕೆನ್ನೆ ಮುಟ್ಟಿಕೊಂಡರು. ತಪ್ಪು ಒಪ್ಪಿಕೊಳ್ಳಲು ಹೋದವಳ ಮುಂದೆ ಅವರು ತಪ್ಪು ಒಪ್ಪಿಕೊಂಡರು. ನಾನು ಅಲ್ಲೇ ಅತ್ತುಬಿಟ್ಟೆ.

ನಿಮ್ಮ ವಿಷಯ ಅವರ ಹತ್ತಿರವೂ ಆಡಲಿಲ್ಲ, ಸಾಹೇಬರ ಹತ್ತಿರವೂ ಆಡಲಿಲ್ಲ. ಹೆದರಿಸಲು ಬರೆಯುತ್ತಿಲ್ಲ. ನಿಮ್ಮ ಮಾತು ನನ್ನ ಬಾಯಲ್ಲಿ ಬಂದರೆ ಚಾಡಿಯಾಗುತ್ತದೆ, ಅಷ್ಟೆ.

ಮುನಿಶಾಮಮ್ಮ


ಚಿಂತಾಮಣಿ
3 ಜೂನ್ 1991

ಮುನಿಶಾಮಮ್ಮನವರಿಗೆ,

ನಿಮ್ಮ ಊರಿನ ಹೊಸ ಕಾರ್ಡುಗಳು ಇದರ ಜೊತೆಗಿವೆ. ನಿಮ್ಮದು ನಾಲ್ಕನೇ ದರ್ಜೆ. ಐದು ಗಾಡಿ ಗೊಬ್ಬರ, ಮತ್ತು ಬಿತ್ತನೆ ರಾಗಿಯ ಜೊತೆ ಸಾಲಿಗೊಂದು ಅವರೆ ಹಾಕಬೇಕು ಎಂದು ಬಂದಿದೆ. ಚೀಟಿ ನೋಡಿಕೊಂಡು ಎರಡು ಸಲ ಹಾಕಿ ನೋಡಿದ್ದೇನೆ. ಸರಿಯಾಗಿದೆ.

ನೀವು ಬಂದು ಹೋದ ಮೇಲೆ ಇಲ್ಲಿ ಎಲ್ಲರಿಗೂ ಖುಷಿಯೋ ಖುಷಿ. "ಹಾಗಾದ್ರೆ ನಮ್ಮ ಕಂಪ್ಯೂಟರ್ ಸರಿಯಾಗೇ ಇತ್ತು!" ಎಂದು ದೊಡ್ಡ ಸಾಹೇಬರು ಬೂಂದಿ ತರಿಸಿ ಹಂಚಿದರು. ನನಗೂ ಕೊಟ್ಟರು. ವಜೀರ್ ಸಾಹೇಬರಿಗೆ ಮತ್ತೆ ಕೆಲಸಕ್ಕೆ ಬರಹೇಳಿ ಕಳಿಸಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳದಿದ್ದರೆ ಒಳ್ಳೆಯದೇ ಆಯಿತೆಂದು ಒಂದು ತಿಂಗಳು ಸುಮ್ಮನಿದ್ದೆ. ನಿಮ್ಮ ಕಾಗದ ಚೀಲದಲ್ಲೇ ಇತ್ತು.

ಕಳೆದ ಸೋಮವಾರ ಲ್ಯಾಬಿಗೆ ಹೋದೆ. ವಜೀರ್ ಸಾಹೇಬರು ಮಣ್ಣು ಜರಡಿ ಹಿಡಿಯುತ್ತಿದ್ದರು. ಎದುರು ನಿಂತು ಎಲ್ಲವನ್ನೂ ಹೇಳಿದೆ, ಕರೆಂಟು ಹೋದದ್ದು, ನೆನಪಿನಿಂದ ಹಾಕಿದ್ದು, ನನ್ನದೇ ತಪ್ಪೆಂದು ನಂಬಿದ್ದೂ ಅವರ ಹೆಸರು ಹೇಳಿದ್ದು. ಅವರು ಜರಡಿ ನಿಲ್ಲಿಸದೆ ಕೇಳಿದರು. ಕೊನೆಗೆ, "ಗೊತ್ತಿತ್ತು" ಅಂದರು. ಅಂದು ಕರೆಂಟು ಹೋದಾಗ ಮೇಣದಬತ್ತಿ ತಂದಿಟ್ಟವರೇ ಅವರು, ನಾನು ಚೀಟಿ ಇಲ್ಲದೆ ಹಾಕುತ್ತಿದ್ದುದನ್ನು ನೋಡಿದ್ದರು. ಅವರು ನೋಡಿದ್ದು ನನಗೆ ನೆನಪೇ ಇರಲಿಲ್ಲ. ಅಲ್ಲಿಂದ ದೊಡ್ಡ ಸಾಹೇಬರ ಕೋಣೆಗೂ ಹೋಗಿ ಹೇಳಿದೆ. ಅವರು "ಆಯ್ತಲ್ಲಮ್ಮ, ಈಗ್ಯಾಕೆ ಅದೆಲ್ಲ" ಎಂದು ಫೈಲು ತೆಗೆದರು.

ಕೆಲಸ ಹೋಗಲಿಲ್ಲ. ಹೋಗಿದ್ದರೆ ಅಬ್ಬಾನ ಮುಂದೆ ಅಳಬಹುದಿತ್ತು.

ಕೆಲಸಕ್ಕೆ ಸೇರಿದ ದಿನದಿಂದ ವಜೀರ್ ಸಾಹೇಬರು ನನ್ನನ್ನು ಬೇಟಿ ಎಂದು ಕರೆಯುತ್ತಿದ್ದರು. ಅಂಕಿಗಳ ಚೀಟಿ ತಂದುಕೊಟ್ಟು, "ಲೇ ಬೇಟಿ", ತಗೋ ಮಗಳೇ, ಎಂದು ಮೇಜಿನ ಮೇಲೆ ಎಸೆದು ಹೋಗುತ್ತಿದ್ದರು. ಈಗ ಬಾಗಿಲಲ್ಲೇ ನಿಂತು, ಎರಡೂ ಕೈಯಲ್ಲಿ ಚೀಟಿ ಹಿಡಿದು, "ಒಳಗೆ ಬರ್ಬೋದಾ ಮೇಡಂ?" ಎಂದು ಕೇಳುತ್ತಾರೆ.

ಬನ್ನಿ ಎನ್ನುತ್ತೇನೆ. ದಿನಕ್ಕೆ ನಾಲ್ಕು ಸಲ.

ಷಮೀಮ್